ಕನಸಿನ ಬಾಲ ಹಿಡಿಯುವ ವಿದ್ಯೆ

ಪೆನಾಂಗ್ ದ್ವೀಪದಲ್ಲಿ ಗುರುದತ್ತನಷ್ಟು ಗಾಢವಾಗಿ ನಿದ್ದೆ ಮಾಡುವ ಜೀವ ಇನ್ನೊಂದಿರಲಿಲ್ಲ. ಇದ್ದಿದ್ದರೆ ಜನ ಅದು ಸತ್ತಿದೆಯೆಂದು ತಿಳಿದು ಹೂತುಬಿಡುತ್ತಿದ್ದರು. ಬಯಾನ್ ಲೆಪಾಸಿನ ಅವನ ಫ್ಲ್ಯಾಟಿನ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹಾರುತ್ತಿದ್ದವೆಂದರೆ, ಬಾಲ್ಕನಿಯಲ್ಲಿ ಒಣಹಾಕಿದ್ದ ಅವನ ಬನಿಯನ್ನೊಂದು ಚಕ್ರಕ್ಕೆ ಸಿಕ್ಕಿಕೊಂಡು ಸಿಂಗಪುರ ನೋಡಿಕೊಂಡು ಬಂದಿತ್ತು. ಅಂಥ ಸದ್ದಿನ ಕೆಳಗೂ ಗುರುದತ್ತ ತಲೆ ದಿಂಬಿಗೆ ತಗಲುವ ಮೊದಲೇ, ಅರ್ಧ ದಾರಿಯಲ್ಲೇ, ನಿದ್ದೆಗೆ ಬಿದ್ದಿರುತ್ತಿದ್ದ. ಬೆಳಗ್ಗೆ ಎದ್ದರೆ ಅವನ ತಲೆ ತಿಕ್ಕಿ ತೊಳೆದು ಕವುಚಿಟ್ಟ ಪಾತ್ರೆ. ಒಳಗೆ ಒಂದಗುಳು ಕನಸೂ ಅಂಟಿಕೊಂಡಿರುತ್ತಿರಲಿಲ್ಲ.

ಕನಸಿಲ್ಲವೆಂದು ಅವನಿಗೇನೂ ಕಡಿಮೆಯಾಗಿರಲಿಲ್ಲ. ಅವನು ಚಿಪ್ ಕಾರ್ಖಾನೆಯೊಂದರಲ್ಲಿ ಯೀಲ್ಡ್ ಇಂಜಿನಿಯರ್. ಅಂದರೆ ಮಾಡಿದ ಚಿಪ್ಪುಗಳಲ್ಲಿ ಎಷ್ಟು ಕೆಟ್ಟವು, ಎಲ್ಲಿ ಕೆಟ್ಟವು, ಯಾಕೆ ಕೆಟ್ಟವು ಎಂದು ಬೆನ್ನುಹತ್ತಿ ಹುಡುಕುವ ಕೆಲಸ. ಹುಡುಕುವುದರಲ್ಲಿ ಎಂಥ ಗಟ್ಟಿಗನೆಂದರೆ, ಆಪರೇಟರೊಬ್ಬ ಹಿಂದಿನ ದಿನ ತಿಂದ ಡುರಿಯನ್ ಹಣ್ಣಿನ ವಾಸನೆಯನ್ನು ಚಿಪ್ಪಿನ ಮೂರನೆಯ ಪದರದಲ್ಲಿ ಪತ್ತೆ ಹಚ್ಚಿದ್ದನಂತೆ. ಈ ಸುದ್ದಿಯನ್ನು ಹಬ್ಬಿಸಿದವನೂ ಅವನೇ.

ಎಲ್ಲ ಸುಗಮವಾಗಿತ್ತು, ಮಗಳು ಹುಟ್ಟುವವರೆಗೆ.

ಗುರುದತ್ತನ ವಂಶದಲ್ಲಿ ಒಂದು ಕಟ್ಟಳೆಯಿತ್ತು. ಮಗುವಿನ ಹೆಸರನ್ನು ಯಾರೂ ಆರಿಸುವ ಹಾಗಿಲ್ಲ. ನಕ್ಷತ್ರ ನೋಡುವ ಹಾಗಿಲ್ಲ, ಪುಸ್ತಕ ತಿರುವುವ ಹಾಗಿಲ್ಲ, ಫೋನಿನಲ್ಲಿ ತಡಕುವುದಂತೂ ಮಹಾಪಾಪ. ಹೆಸರು ತಂದೆಯ ಕನಸಿನಲ್ಲಿ ಬರಬೇಕು. ಯಾರೋ ಕೂಗಬೇಕು, ಅವನು ಕೇಳಿಸಿಕೊಳ್ಳಬೇಕು, ಎದ್ದವನೇ ಮನೆಯ ಹಿರಿಯರಿಗೆ ಒಪ್ಪಿಸಬೇಕು. ಮಳವಳ್ಳಿ ಕಡೆಯ ಅವನ ಮುತ್ತಾತ ಬೋರಯ್ಯನಿಗೆ ಹನ್ನೊಂದು ಮಕ್ಕಳ ಹೆಸರೂ ಒಂದೇ ಕನಸಿನಲ್ಲಿ ಸಾಲುಗಟ್ಟಿ ಬಂದಿದ್ದವಂತೆ. ಆಗಿನ್ನೂ ಆತನಿಗೆ ಮದುವೆಗೆ ಹೆಣ್ಣು ಕೂಡ ಗೊತ್ತಾಗಿರಲಿಲ್ಲವಂತೆ.

ತಂದೆಗೆ ಕನಸೇ ಬೀಳದಿದ್ದರೆ ಅದಕ್ಕೂ ದಾರಿಯಿತ್ತು. ಗಂಡಾದರೆ ಬೋರಯ್ಯ, ಹೆಣ್ಣಾದರೆ ಬೋರಮ್ಮ. ಬೋರಯ್ಯನ ಹೆಂಡತಿ ಬೋರಮ್ಮನೇನೂ ಸಾಮಾನ್ಯದ ಹೆಂಗಸಲ್ಲ. ಒಂದು ಕೈಯಲ್ಲಿ ಎಮ್ಮೆಯನ್ನೂ ಇನ್ನೊಂದು ಕೈಯಲ್ಲಿ ಆ ಎಮ್ಮೆ ಕದ್ದವನನ್ನೂ ಎಳೆದುಕೊಂಡು ಹೊಳೆ ದಾಟಿ ಬಂದವಳು. ಆದರೂ ಗುರುದತ್ತನ ಹೆಂಡತಿ ಹಂಸಾ ಆ ಹೆಸರಿಗೆ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

"ಹಳೇ ಹೆಸರು ಅಂತ ಅಲ್ಲ ಗುರು," ಅಂದಿದ್ದಳು ಅವಳು. "ಆಯಮ್ಮ ಎಮ್ಮೆ ಎಳ್ಕೊಂಡು ಬಂದಿರ್ಲಿ, ಬೆಟ್ಟನೇ ಎಳ್ಕೊಂಡು ಬಂದಿರ್ಲಿ. ಆದ್ರೆ ಅದು ಅಪ್ಪನ ಕೈಲಿ ಏನೂ ಆಗ್ಲಿಲ್ಲ ಅಂತ ಕೊಡೋ ಹೆಸರು. ನನ್ ಮಗಳು ಜೀವನಪೂರ್ತಿ ನಿನ್ ಸೋಲು ಹೊತ್ಕೊಂಡು ಓಡಾಡ್ಬೇಕಾ?"

ಮಾತು ನೇರವಾಗಿ ಎದೆಗೆ ನಾಟಿತ್ತು. ಅಲ್ಲಿಂದ ಗುರುದತ್ತನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಂಸಾಳ ತಾಯಿ ಬಂದು ಬಾಣಂತನ ಮಾಡಿ, ವೀಸಾ ಮುಗಿದು ಮೈಸೂರಿಗೆ ವಾಪಸಾಗಿದ್ದರು. ಮಗುವಿನ ಕೈಗೆ ಆಸ್ಪತ್ರೆಯವರು ಕಟ್ಟಿದ ಪಟ್ಟಿಯಲ್ಲಿ 'ಹಂಸಾಳ ಮಗು' ಎಂದಷ್ಟೇ ಇತ್ತು. ಕೆಳಗಿನ ಗಾರ್ಡ್ ಮಗುವನ್ನು ಮಲಯ ಭಾಷೆಯಲ್ಲಿ 'ಅಡಿಕ್' ಅನ್ನುತ್ತಿದ್ದ, ಎದುರು ಮನೆಯ ತಮಿಳು ಹೆಂಗಸು ಲೆಚ್ಚುಮಿ ಅಕ್ಕ 'ಕುಟ್ಟಿ' ಅನ್ನುತ್ತಿದ್ದಳು. ಎರಡಕ್ಕೂ ಪುಟ್ಟದು ಎಂದೇ ಅರ್ಥ. ಎರಡು ತಿಂಗಳು ತುಂಬುವುದರೊಳಗೆ ನೋಂದಣಿ ಕಚೇರಿಗೆ ಹೋಗಿ ಮಗುವಿನ ಜನನ ಬರೆಸಬೇಕಿತ್ತು. ಒಂದೂವರೆ ತಿಂಗಳು ಆಗಲೇ ಕೈಜಾರಿತ್ತು.

ಮೈಸೂರಿನಿಂದ ದಿನಾ ಬೆಳಗ್ಗೆ ವಿಡಿಯೋ ಕಾಲ್. ಗುರುದತ್ತನ ತಾಯಿ ಚಾಮುಂಡಿ ಅಲ್ಲಿ ದೊಡ್ಡ ಮಗನ ಮನೆಯಲ್ಲಿ ಕೂತು ಎರಡು ದೇಶಗಳನ್ನು ಆಳುತ್ತಿದ್ದರು. ಅವರ ಹಣೆ ಮಾತ್ರ ಪರದೆಯಲ್ಲಿ ಕಾಣುತ್ತಿತ್ತು, ಉಳಿದ ಮುಖವೆಲ್ಲ ದನಿ.

"ಬಂತೇನ್ಲಾ?"

"ಇಲ್ಲಮ್ಮ."

"ನಿಮ್ಮಣ್ಣಂಗೆ ಹೆರಿಗೆ ವಾರ್ಡಿನ ಬೆಂಚ್ ಮೇಲೇ ಬಂದಿತ್ತು."

ಇಷ್ಟೇ ಮಾತು. ಇದಾದ ಮೇಲೆ ಇಡೀ ದಿನ ಗುರುದತ್ತನ ಕಿವಿಯಲ್ಲಿ ಆ ಬೆಂಚು ಕಿರುಗುಟ್ಟುತ್ತಿತ್ತು.

ಕಡೆಗೊಂದು ಬೆಳಗ್ಗೆ ಹಂಸಾ ಮಗುವಿನ ಬಟ್ಟೆ ಮಡಿಸುತ್ತಾ ಹೇಳಿದಳು. "ನೀನು ಬನಿಯನ್ ಸಿಂಗಪುರಕ್ಕೆ ಹೋಯ್ತು ಅಂತ ಜನರನ್ನ ನಂಬಿಸಿದೋನು. ಅಮ್ಮಂಗೆ ಒಂದು ಕನಸು ಹೇಳೋಕಾಗಲ್ವಾ?"

ಅದೇ ಸರಿ ಅನ್ನಿಸಿತು. ಮಾರನೆಯ ದಿನ ಕಾಲ್ ಬಂದಾಗ ಗುರುದತ್ತ ಗಂಟಲು ಸರಿಪಡಿಸಿಕೊಂಡು ಶುರುಮಾಡಿದ. ಒಂದು ಮಹಾನದಿ. ನದಿಯ ನಡುವೆ ಬಂಡಿ ಚಕ್ರದಷ್ಟು ದೊಡ್ಡ ಕಮಲ. ಕಮಲದಲ್ಲಿ ಬಿಳಿ ಸೀರೆ ಉಟ್ಟ ಒಬ್ಬ ತಾಯಿ. ಆಕೆ ಮೂರು ಸಲ 'ಸಾನ್ವಿಕಾ' ಎಂದು ಕೂಗಿ ಮಾಯವಾದಳು. ಪಕ್ಕದಲ್ಲಿ ಹಂಸಾ ಉಸಿರು ಹಿಡಿದು ಕೂತಿದ್ದಳು.

"ಯಾವ ಹೊತ್ತು?" ಚಾಮುಂಡಿ ಕೇಳಿದರು.

"ಬೆಳಗಿನ ಜಾವ ಅಮ್ಮ. ಐದಕ್ಕೆ."

"ಯಾರ ಐದು?"

"ಅಂದ್ರೆ?"

"ನಿಂದಾ, ನಮ್ದಾ?"

"ಇಲ್ಲೀದು."

ಹಣೆ ಸ್ವಲ್ಪ ಹೊತ್ತು ಗಂಟಿಕ್ಕಿಕೊಂಡು ಲೆಕ್ಕ ಹಾಕಿತು. "ಅಲ್ಲಿ ಐದು ಅಂದ್ರೆ ನಮ್ಗೆ ಎರಡೂವರೆ. ಎರಡೂವರೆ ಯಾವ ಸೀಮೆ ಜಾವಲಾ? ಅದು ಕಳ್ಳರು ಏಳೋ ಹೊತ್ತು."

"ಕನಸು ಬಿದ್ದಿದ್ದು ಇಲ್ಲಲ್ವಾ ಅಮ್ಮ."

"ಮನೆದೇವ್ರು ಇರಾದೆಲ್ಲಿ? ಮಳವಳ್ಳೀಲಿ. ಅದು ಎದ್ದು, ಮುಖ ತೊಳ್ಕೊಂಡು, ಸಮುದ್ರ ದಾಟಿ ನಿನ್ ತಾವ ಬರಬೇಕು ತಾನೆ? ಇರ್ಲಿ. ಸೀರೆ ಅಂಚು ಯಾವ ಬಣ್ಣ?"

"ಕೆಂಪು."

"ನೀರು ಯಾವ ಕಡೀಕೆ ಹರೀತಿತ್ತು?"

"ಎಡಕ್ಕೆ."

"ನಿನ್ ಕಾಲಲ್ಲಿ ಚಪ್ಪಲಿ ಇತ್ತಾ?"

"ಇತ್ತು. ಕಂದು ಬಣ್ಣದ್ದು, ಹೊಸದು."

ಹಣೆ ಹಿಂದಕ್ಕೆ ಸರಿಯಿತು. ಮೊದಲ ಬಾರಿಗೆ ಎರಡು ಕಣ್ಣುಗಳು ಪರದೆಗೆ ಬಂದವು. "ಕನಸು ಕಂಡೋನು ಇಷ್ಟು ನೀಟಾಗಿ ಹೇಳಾಕಾಗಲ್ಲ ಮಗ. ನಿಜ ಕಂಡೋನು ತಡವರಿಸ್ತಾನೆ. ಸುಳ್ಳು ಹೆಸರಿಟ್ರೆ ಕೂಸು ಕರೆದಾಗ ತಿರುಗಲ್ಲ ಕಣ್ಲಾ. ಇನ್ನೂ ಎರಡು ವಾರ ಅದೆ. ಬರದಿದ್ರೆ ಬೋರಮ್ಮ."

ಫೋನ್ ಕಪ್ಪಾಯಿತು. ಹಂಸಾ ಬಟ್ಟೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೋಗುತ್ತಾ ಬಾಗಿಲಲ್ಲಿ ನಿಂತು, "ಚಪ್ಪಲಿ ಹೊಸದು ಅಂತ ಯಾರಾದ್ರೂ ಹೇಳ್ತಾರಾ ಗುರು," ಅಂದಳು.

ಸುಳ್ಳಿಗೇ ಸೋಲು ಬಂದ ಮೇಲೆ ಗುರುದತ್ತನಿಗೆ ಉಳಿದದ್ದು ನಿಜವೊಂದೇ. ಕನಸು ತನಗೂ ಬೀಳುತ್ತಿರಬೇಕು. ಬಿದ್ದದ್ದು ಎಚ್ಚರವಾಗುವಷ್ಟರಲ್ಲಿ ಸೋರಿ ಹೋಗುತ್ತಿರಬೇಕು. ಸೋರಿಕೆ ಹುಡುಕುವುದು ತನ್ನ ಕಸುಬು ತಾನೇ. ಅವನು ನೇರ ಜೆರೋಮನ ಹತ್ತಿರ ಹೋದ. ಮಂಗಳೂರಿನ ಜೆರೋಮ್ ಅದೇ ಕಾರ್ಖಾನೆಯ ಖರೀದಿ ವಿಭಾಗದವನು, ಒಂಟಿ ಮನುಷ್ಯ. ತನಗೆ ಬ್ಯಾಪ್ಟಿಸಮ್ ಆದ ದಿನದಿಂದ ಕಂಡ ಪ್ರತಿಯೊಂದು ಕನಸೂ ನೆನಪಿದೆ, ಅದರಲ್ಲಿ ಎರಡು ಪರರ ಕನಸುಗಳೂ ತಪ್ಪಿ ಬಂದು ಸೇರಿವೆ ಎಂದು ಹೇಳಿಕೊಳ್ಳುವವನು. ಇಬ್ಬರೂ ಮಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀ ಮುಂದಿಟ್ಟುಕೊಂಡು ಕೂತರು.

"ಕನಸು ಅಂದ್ರೆ ಹಲ್ಲಿ ಇದ್ದ ಹಾಗೆ ಮಾರಾಯ," ಜೆರೋಮ್ ಹೇಳಿದ. "ನೀನು ಅಲ್ಲಾಡಿದ್ರೆ ಓಡ್ತದೆ. ಎಚ್ಚರ ಆದ ಕೂಡ್ಲೆ ಎಂತದೂ ಮಾಡ್ಬಾರ್ದು. ಕಣ್ಣು ಬಿಡ್ಬಾರ್ದು, ಮಗ್ಗುಲು ತಿರುಗ್ಬಾರ್ದು, ಫೋನಂತೂ ಮುಟ್ಲೇಬಾರ್ದು. ಹೆಣದ ಹಾಗೆ ಬಿದ್ಕೊಂಡು ನಿನ್ನನ್ನೇ ಕೇಳ್ಬೇಕು, ಈಗ ಎಲ್ಲಿದ್ದೆ ನಾನು ಅಂತ. ಕೊನೇದು ಮೊದ್ಲು ಸಿಗ್ತದೆ. ಬಾಲ. ಅದನ್ನು ಹಿಡ್ಕೊಂಡು ಮೆಲ್ಲ ಹಿಂದೆ ಹಿಂದೆ ಎಳೀಬೇಕು."

"ಹಲ್ಲಿ ಬಾಲ ಕಳಚ್ಕೊಂಡು ಓಡೋಗುತ್ತಲ್ಲೋ."

"ಅದಕ್ಕೇ ಮೆಲ್ಲ ಅಂದದ್ದು. ಮತ್ತೆ ಮಲಗುವ ಮುಂಚೆ ಹತ್ತು ಸಲ ಹೇಳ್ಕೋ, ನಂಗೆ ಇವತ್ತು ಕನಸು ನೆನಪಿರ್ತದೆ ಅಂತ. ಎದ್ದ ಮೇಲೆ ಯಾರಿಗಾದ್ರೂ ಬಾಯಿಬಿಟ್ಟು ಹೇಳು. ಹೇಳದಿದ್ರೆ ಹಲ್ಲುಜ್ಜುವಾಗ ತೊಳ್ಕೊಂಡು ಹೋಗ್ತದೆ."

"ಇಷ್ಟೇನಾ?"

"ಇಷ್ಟೇ ಲಾ. ಆದ್ರೆ ನಿಂಗೆ ಸುಮ್ನೆ ಬಿದ್ಕೊಳ್ಳೋದು ಕಷ್ಟ ಉಂಟು."

ಜೆರೋಮ್ ಸರಿಯಾಗಿಯೇ ಹೇಳಿದ್ದ. ಅಂದಿನಿಂದ ಗುರುದತ್ತನ ನಿದ್ದೆಗೆ ಕಾವಲು ಬಿದ್ದಿತು. ಹತ್ತು ಸಲ ಅನ್ನಬೇಕಾದ್ದನ್ನು ಅವನು ಸಾವಿರ ಸಲ ಅಂದುಕೊಂಡ, ಅಂದುಕೊಳ್ಳುತ್ತಾ ಅಂದುಕೊಳ್ಳುತ್ತಾ ಪಕ್ಕದ ಕಟ್ಟಡದ ದೀಪಗಳು ಒಂದೊಂದಾಗಿ ಆರುವುದನ್ನು ನೋಡಿದ. ಬಂಡೆಯ ಹಾಗೆ ಬೀಳುತ್ತಿದ್ದವನು ಈಗ ಕಾದ ಕಾವಲಿಯ ಮೇಲಿನ ನೀರಿನ ಹನಿಯ ಹಾಗೆ ಹಾಸಿಗೆಯ ಮೇಲೆಲ್ಲಾ ಹೊರಳಿದ. ಬಲಕ್ಕೆ ತಿರುಗಿದರೆ ಬೋರಮ್ಮ, ಎಡಕ್ಕೆ ತಿರುಗಿದರೆ ಬೆಂಚು. ಕಡೆಗೆ ಹೇಗೋ ಜೊಂಪು ಹತ್ತಿ, ಏನೋ ಒಂದು ಕಣ್ಣೆದುರು ಕಟ್ಟುತ್ತಿದೆ ಅನ್ನುವಷ್ಟರಲ್ಲಿ ಮಗು ಕಿರುಚುತ್ತಿತ್ತು. ಆ ಕಿರುಚಿಗೆ ಸಮುದ್ರದಾಚೆ ಬಟರ್‌ವರ್ತ್‌ನಲ್ಲಿ ನಾಯಿಗಳು ಎದ್ದು ಕೂರುತ್ತಿದ್ದವು. ಗುರುದತ್ತ ಗಾಬರಿಬಿದ್ದು ಎದ್ದು ನಿಂತುಬಿಡುತ್ತಿದ್ದ. ನಿಂತ ಮೇಲೆ, 'ಹೆಣದ ಹಾಗೆ' ಎಂಬುದು ನೆನಪಾಗಿ ಮತ್ತೆ ದೊಪ್ಪನೆ ಬೀಳುತ್ತಿದ್ದ. ಅಷ್ಟರಲ್ಲಿ ತಲೆ ಮತ್ತೆ ತೊಳೆದಿಟ್ಟ ಪಾತ್ರೆ.

"ಎದ್ದಿದ್ದೀಯಲ್ಲ, ಡಯಾಪರ್ ಕೊಡು," ಅನ್ನುತ್ತಿದ್ದಳು ಹಂಸಾ.

"ಶ್, ಹುಡುಕ್ತಿದ್ದೀನಿ."

"ಎಡಗಡೆ ಡ್ರಾಯರಲ್ಲಿದೆ."

ನಾಲ್ಕಾರು ದಿನ ಹೀಗೆ ನಡೆದ ಮೇಲೆ ಗುರುದತ್ತ ಕಾರ್ಖಾನೆಯ ಬುದ್ಧಿ ಓಡಿಸಿದ. ಚಿಪ್ ತಯಾರಾಗುವುದು ಕ್ಲೀನ್ ರೂಮಿನಲ್ಲಿ. ಅಲ್ಲಿಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಳ್ಳಬೇಕು. ಒಂದು ಕೂದಲು ಉದುರಿದರೂ ಚಿಪ್ ಸತ್ತಂತೆ. ಒಂದು ಸೀನು ಸೀನಿದರೆ ಒಂದು ಇಡೀ ದಿನದ ಮಾಲು ಹಾಳು. ಅಂದಮೇಲೆ ಕನಸಿನಂಥ ನಾಜೂಕು ವಸ್ತು ಕಿರುಚಾಟ, ಮೂತ್ರದ ವಾಸನೆ, ಡ್ರಾಯರು, ಇವುಗಳ ನಡುವೆ ಉಳಿದೀತು ಹೇಗೆ? ಕೊಳೆ ತೆಗೆದರೆ ಯೀಲ್ಡ್, ಅಂದರೆ ಕೆಡದೆ ಕೈಗೆ ಬರುವ ಮಾಲು, ತಾನಾಗಿ ಏರುತ್ತದೆ. ಹದಿನಾಲ್ಕು ವರ್ಷ ಅವನು ಕಲಿತದ್ದು ಇದೊಂದೇ, ಮತ್ತು ಇದು ಅವನಿಗೆ ಎಂದೂ ಕೈಕೊಟ್ಟಿರಲಿಲ್ಲ.

"ಎರಡೇ ರಾತ್ರಿ ಹಂಸಾ," ಅಂದ. "ಜೆರೋಮನ ಮನೇಲಿ ಒಂದು ರೂಮ್ ಖಾಲಿ ಇದೆ. ಹೆಸರು ತಗೊಂಡೇ ಬರ್ತೀನಿ."

ಹಂಸಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ತಟ್ಟುವುದು ನಿಂತಿತು. "ತಪಾವ್ ಮಾಡ್ಕೊಂಡು ಬರ್ತೀಯಾ? ಪ್ಯಾಕ್ ಮಾಡಿಸ್ಕೊಂಡು?"

"ತಮಾಷೆ ಅಲ್ಲ. ಇದು ನಿನಗೋಸ್ಕರ."

"ನನಗೋಸ್ಕರ ನೀನು ಹೋಗಿ ನಿದ್ದೆ ಮಾಡ್ತೀಯ," ಹಂಸಾ ನಿಧಾನವಾಗಿ ಹೇಳಿದಳು, ಮಾತನ್ನು ಬೆಳಕಿಗೆ ಹಿಡಿದು ನೋಡುವವಳ ಹಾಗೆ. "ಹೋಗು."

ಜೆರೋಮನ ಖಾಲಿ ಕೋಣೆಯನ್ನು ಗುರುದತ್ತ ಎಂಥ ಕ್ಲೀನ್ ರೂಮ್ ಮಾಡಿದನೆಂದರೆ, ಒಳಗೆ ಬಂದ ಸೊಳ್ಳೆಯೊಂದು ಕಾಲು ಒರೆಸಿಕೊಳ್ಳಲು ಜಾಗ ಹುಡುಕಿ ಸಿಗದೆ ವಾಪಸು ಹೋಯಿತು. ಕಿಟಕಿಗೆ ಎರಡು ಪದರ ಪರದೆ, ಕಿವಿಗೆ ಹತ್ತಿ, ಕಣ್ಣಿಗೆ ಕಪ್ಪು ಪಟ್ಟಿ, ಏಸಿಯ ಗಾಳಿ ಮುಖಕ್ಕೆ ತಾಗದ ಹಾಗೆ ರಟ್ಟಿನ ತಡೆ. ಫೋನನ್ನು ಜೆರೋಮನ ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಅಷ್ಟೂ ದಿನ ಬಾಕಿಯಿದ್ದ ನಿದ್ದೆ ಬಡ್ಡಿ ಸಮೇತ ಅವನ ಮೇಲೆ ಬಿತ್ತು. ಬೆಳಗ್ಗೆ ಎಚ್ಚರವಾದಾಗ ಅಲ್ಲಾಡಲಿಲ್ಲ, ಕಣ್ಣು ಬಿಡಲಿಲ್ಲ. ಈಗ ಎಲ್ಲಿದ್ದೆ ನಾನು ಎಂದು ಕೇಳಿಕೊಂಡ. ಎಲ್ಲಿಯೂ ಇರಲಿಲ್ಲ. ಬಾಲವಿಲ್ಲ, ಹಲ್ಲಿಯಿಲ್ಲ, ಗೋಡೆಯೇ ಇಲ್ಲ. ಎರಡನೆಯ ದಿನವೂ ಅಷ್ಟೇ. ಯೀಲ್ಡ್ ಸೊನ್ನೆ.

"ನಿಂಗೆ ಒಂದೂ ಬೀಳ್ಲಿಲ್ವಾ?" ಜೆರೋಮ್ ಕೇಳಿದ. "ನಂಗೆ ಮೂರು ಬಿತ್ತು. ಒಂದರಲ್ಲಿ ನೀನಿದ್ದೆ. ಗೊರಕೆ ಹೊಡೀತಿದ್ದೆ."

ಅಕ್ಕಿ ಡಬ್ಬಿಯಿಂದ ಫೋನ್ ತೆಗೆದಾಗ ಹಂಸಾಳ ಒಂದೇ ಮೆಸೇಜಿತ್ತು. ಸೋಮವಾರ ಲೆಚ್ಚುಮಿ ಅಕ್ಕನ ಜೊತೆ ನೋಂದಣಿ ಕಚೇರಿಗೆ ಹೋಗುತ್ತೇನೆ, ಬಾಯಿಗೆ ಬಂದ ಹೆಸರು ಬರೆಸುತ್ತೇನೆ.

ಗುರುದತ್ತ ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಬಾಗಿಲು ತೆಗೆದ ಹೆಂಗಸನ್ನು ಗುರುತು ಹಿಡಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ಕೂದಲು ಒಂದು ಕಡೆ ಗಂಟು, ಒಂದು ಕಡೆ ಜಡೆ. ಕಣ್ಣ ಕೆಳಗಿನ ಕಪ್ಪು ಕೆನ್ನೆಯವರೆಗೂ ಇಳಿದಿತ್ತು. ಅವನ ಮುಖ ನೋಡಿದರೆ ಹೆಸರು ಬಂದಿಲ್ಲವೆಂದು ಗೊತ್ತಾಗುತ್ತಿತ್ತು. ಮಗುವನ್ನು ಅವನ ಕೈಗೆ ಹಾಕಿದಳು.

"ನಾನು ಮಲಗ್ತೀನಿ," ಅಂದಳು. "ಬಿಲ್ಡಿಂಗ್ ಬಿದ್ರೂ ಎಬ್ಬಿಸ್ಬೇಡ. ಮಗಳ ಹೊಟ್ಟೆ ತುಂಬಿದೆ, ಎದೆ ಮೇಲೆ ಹಾಕ್ಕೊಂಡ್ರೆ ಮಲಗ್ತಾಳೆ. ಕೆಳಗಿಳಿಸಿದ್ರೆ ಏಳ್ತಾಳೆ. ಅಲ್ಲಾಡಿದ್ರೂ ಏಳ್ತಾಳೆ."

"ಎಷ್ಟು ಹೊತ್ತು?"

ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಗುರುದತ್ತ ಹಾಲ್‌ನಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಮಗಳನ್ನು ಎದೆಯ ಮೇಲೆ ಕವುಚಿಕೊಂಡ. ಇಷ್ಟು ಸಣ್ಣ ದೇಹಕ್ಕೆ ಇಷ್ಟು ಭಾರ ಎಲ್ಲಿಂದ ಬಂತೋ. ಎದೆಯ ಮೇಲೆ ಯಾರೋ ಬಿಸಿ ಕಬ್ಬಿಣದ ಅಂಗಡಿ ತೆರೆದ ಹಾಗಿತ್ತು. ಪರದೆ ಎಳೆದಿರಲಿಲ್ಲ, ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಮೇಲೊಂದು ವಿಮಾನ ಹೋಯಿತು. ಎದುರು ಮನೆಯಲ್ಲಿ ಮಿಕ್ಸಿ ತಿರುಗಿತು. ಕೊಳೆಯೆಂದರೆ ಕೊಳೆ. ಇಲ್ಲಿ ಕನಸಿನ ಆಸೆಯೇ ಇಲ್ಲವೆಂದು ಅವನು ಆ ಯೋಚನೆಯನ್ನೇ ಬಿಟ್ಟು, ಸೋಮವಾರ ಏನು ಮಾಡುವುದು, ಅಮ್ಮನಿಗೆ ಏನು ಹೇಳುವುದು, ಹಂಸಾ ಮಾತಾಡದೇ ಹೋದರೆ ಏನು ಗತಿ ಎಂದು ಚಡಪಡಿಸಿದ. ಚಡಪಡಿಸುವುದನ್ನೂ ಅಲ್ಲಾಡದೆ ಮಾಡಬೇಕಿತ್ತು. ಅದು ಎಂಥ ಹಿಂಸೆಯೆಂದು ಮಕ್ಕಳನ್ನು ಎದೆಯ ಮೇಲೆ ಮಲಗಿಸಿಕೊಂಡವರೇ ಬಲ್ಲರು. ಹಾಗೇ ಕಣ್ಣು ಮುಚ್ಚಿತು.

ಮಗಳು ಒಮ್ಮೆ ಬಿಕ್ಕಿದಳು. ಗುರುದತ್ತನಿಗೆ ಎಚ್ಚರವಾಯಿತು. ಎದ್ದು ನಿಲ್ಲುವ ಹಾಗಿರಲಿಲ್ಲ, ಕಣ್ಣು ಬಿಟ್ಟರೆ ರೆಪ್ಪೆಯ ಗಾಳಿಗೇ ಅವಳು ಎದ್ದಾಳೆಂಬ ಭಯ. ಹೆಣದ ಹಾಗೆ ಬಿದ್ದುಕೊಂಡ. ಬಿದ್ದುಕೊಂಡವನ ಕೈಯಲ್ಲಿ ಒಂದು ಸೌಟಿತ್ತು.

ಸೌಟು. ಅವನು ಬೆಚ್ಚಿದ, ಒಳಗೊಳಗೇ. ಸೌಟು ಯಾರದು? ಹೈಸ್ಕೂಲಿನ ಗಣಿತದ ಮೇಷ್ಟರದು. ಅವರು ಮಮಕ್ ಅಂಗಡಿಯಲ್ಲಿ ಸಾರು ಬಡಿಸುತ್ತಿದ್ದರು. ತಟ್ಟೆಗಳಲ್ಲಿ ಅನ್ನದ ಬದಲು ಚಿಪ್ಪುಗಳಿದ್ದವು. ಹಿಂದೆ ಉದ್ದದ ಸಾಲಿತ್ತು, ಸಾಲಿಗೂ ಹಿಂದೆ ಒಂದು ಲಿಫ್ಟು, ಲಿಫ್ಟಿನಲ್ಲಿ ಕೊಡೆ ಹಿಡಿದ ಕುದುರೆ. ಎಳೆದಷ್ಟೂ ಬಂತು. ಮೂವತ್ತೆಂಟು ವರ್ಷ ಬರಡಾಗಿದ್ದ ಬಾವಿಯಿಂದ ಹಗ್ಗ ಸೇದಿದರೆ ನೀರು, ಮೀನು, ಬಿಂದಿಗೆ, ಬಿಂದಿಗೆ ಕಳೆದುಕೊಂಡಾಕೆ, ಎಲ್ಲ ಮೇಲೆ ಬಂದ ಹಾಗೆ.

ಮತ್ತೆ ಜೊಂಪು. ಮತ್ತೆ ಮಗಳ ಸಣ್ಣ ಒದೆ, ಮತ್ತೆ ಎಚ್ಚರ, ಮತ್ತೆ ಕೈಯಲ್ಲೊಂದು ತುಣುಕು. ಗುರುದತ್ತನಿಗೆ ಆಗ ಹೊಳೆಯಿತು, ಅವನು ಕೊಳೆಯೆಂದು ಗುಡಿಸಿ ಹಾಕಿದ್ದೇ ಕೊಕ್ಕೆ. ಒಡೆಯದ ನಿದ್ದೆಯಲ್ಲಿ ಕನಸುಗಳು ಬಂದು, ಬಂದ ದಾರಿಯಲ್ಲೇ ತಳಕ್ಕಿಳಿದು ಹೋಗುತ್ತಿದ್ದವು. ಈ ಪುಟ್ಟ ಕಾಲು ಸರಿಯಾದ ಕಡೆ ನಿದ್ದೆಯನ್ನು ಒಡೆಯುತ್ತಿತ್ತು, ಒಡೆದು ಅವನನ್ನು ಅಲ್ಲಾಡದ ಹಾಗೆ ಒತ್ತಿ ಹಿಡಿಯುತ್ತಿತ್ತು. ಕ್ಲೀನ್ ರೂಮಿನ ಮಾಲು ಬೇರೆ, ಇದರ ಮಾಲು ಬೇರೆ.

ಬಿಸಿಲು ಕಾಲಿನ ಕಡೆಗೆ ಸರಿಯಿತು. ಮಗಳು ನಿಟ್ಟುಸಿರು ಬಿಟ್ಟಳು. ಗುರುದತ್ತ ಕಣ್ಣು ಮುಚ್ಚಿಕೊಂಡೇ ಎಚ್ಚರವಾದ. ಈ ಸಲ ಅವನ ಎದೆ ಮಗುವಿನ ಕೆಳಗೆ ದಬದಬ ಬಡಿದುಕೊಳ್ಳುತ್ತಿತ್ತು.

"ಹಂಸಾ," ಎಂದ, ತುಟಿ ಮಾತ್ರ ಆಡಿಸಿ. ಕೇಳಿಸಲಿಲ್ಲ. "ಹಂಸಾ. ಹಂಸಾ."

ಬಾಗಿಲು ತೆರೆಯಿತು. "ಬಿಲ್ಡಿಂಗ್ ಬಿತ್ತಾ?"

"ಬಾ ಇಲ್ಲಿ. ಮಾತಾಡ್ಬೇಡ. ನಾನು ಹೇಳೋದು ಕೇಳಿಸ್ಕೋ."

"ಕಣ್ಣು ಯಾಕೆ ಮುಚ್ಕೊಂಡಿದ್ದೀಯ?"

"ಬಿಟ್ರೆ ಓಡೋಗುತ್ತೆ. ಫೆರ್ರಿ ಮೇಲಿದ್ದೆ. ಆ ಹಳೇ ಫೆರ್ರಿ ಇತ್ತಲ್ಲ, ಕಾರು ಹಾಕ್ಕೊಂಡು ಹೋಗೋದು, ಅದು. ಅಲ್ಲ, ಮೊದ್ಲು ಬಸ್ಸಿತ್ತು. ಬಸ್ಸೇ ಫೆರ್ರಿ ಆಯ್ತೋ ಏನೋ. ಬೈಕುಗಳ ನಡುವೆ ಇವಳು ಅಂಬೆಗಾಲು ಇಡ್ತಿದ್ಲು. ಅಂಚಿಗೆ ಹೋಗ್ತಿದ್ಲು. ನನ್ನ ಕಾಲು ಬರ್ತಿಲ್ಲ. ಹೆಸರು ಹಿಡಿದು ಕೂಗೋಣ ಅಂದ್ರೆ ಹೆಸರಿಲ್ಲ. ನೀರಿನ ಆಚೆ ನೀನಿದ್ದೆ. ಕಾಣಿಸ್ಲಿಲ್ಲ. ಕಾಣಿಸ್ತೋ ಏನೋ. ನೀನೇ ಅದು. ನೀನೇ ಕೂಗಿದ್ದು. ಇವಳು ತಟ್ಟಂತ ತಿರುಗಿದ್ಲು."

"ನಾನು ಏನಂತ ಕೂಗಿದೆ?"

"ಸುವ್ವಿ."

ಗುರುದತ್ತ ಒಂದು ಕಣ್ಣು ಬಿಟ್ಟು ನೋಡಿದ. ಹಂಸಾ ಚಾಪೆಯ ಅಂಚಿನಲ್ಲಿ ಕುಳಿತುಬಿಟ್ಟಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು.

"ಯಾರು ಹೇಳಿದ್ರು ನಿನಗೆ?" ಅಂದಳು.

"ನೀನೇ. ಕನಸಲ್ಲಿ."

"ನಾನು ಯಾರಿಗೂ ಹೇಳಿಲ್ಲ ಗುರು. ನಮ್ಮಮ್ಮಂಗೂ ಹೇಳಿಲ್ಲ." ಅವಳು ಮ್ಯಾಕ್ಸಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹಾಲು ಕುಡಿಸುವಾಗ ಏನಾದ್ರೂ ಅನ್ಬೇಕಲ್ಲ. ಕತ್ತಲಲ್ಲಿ ಒಬ್ಳೇ ಕೂತ್ಕೊಂಡು ಮಗೂಗೆ ಹಲೋ ಅನ್ನೋಕಾಗುತ್ತಾ? ನಮ್ಮಜ್ಜಿ ಭತ್ತ ಕುಟ್ಟುವಾಗ ಸುವ್ವಿ ಸುವ್ವಿ ಅಂತ ಹಾಡ್ತಿದ್ಲು. ಅದೇ ಬಾಯಿಗೆ ಬಂತು. ಮೊದಲನೇ ವಾರದಿಂದ್ಲೂ ಹಾಗೇ ಕರೀತಿದ್ದೀನಿ. ನೀನು ಪಕ್ಕದಲ್ಲಿ ಬಿದ್ಕೊಂಡಿರ್ತಿದ್ದೆ."

"ಹಾಗಾದ್ರೆ..."

"ಹಾಗಾದ್ರೆ ಇದು ಕನಸಲ್ಲ. ನೀನು ನಿದ್ದೇಲಿ ಕೇಳಿಸ್ಕೊಂಡಿದ್ದು. ಅಮ್ಮ ಒಪ್ಪಲ್ಲ. ನಾನು ಕರೆದ ಹೆಸರು ಹಾಗೇ ಹೋಗುತ್ತೆ."

ಗುರುದತ್ತನಿಗೆ ತಾನು ಈವರೆಗೆ ಕಟ್ಟಿದ ಸುಳ್ಳುಗಳೆಲ್ಲ ಬಾಲ ಆಡಿಸುತ್ತಾ ಮುಂದೆ ಬಂದು ಸಾಲಾಗಿ ನಿಂತವು. ಕೂಗಿದ್ದು ಹಂಸಾ ಅಲ್ಲ, ಬಿಳಿ ಗಡ್ಡದ ಬೋರಯ್ಯ ಅಂದರಾಯಿತು. ಚೌಡಿ ಅಂದರಾಯಿತು. ಆದರೆ ಚಾಮುಂಡಿಯ ಮುಂದೆ ಗಡ್ಡದ ಉದ್ದ ಹೇಳಬೇಕಾಗುತ್ತದೆ. ಮೇಲಾಗಿ, ಹಾಗೆ ಹೇಳಿಬಿಟ್ಟರೆ ಹೆಸರು ಬೋರಯ್ಯನದಾಗುತ್ತದೆ, ಹಂಸಾಳದಾಗುವುದಿಲ್ಲ.

"ಫೋನ್ ಮಾಡು," ಅಂದ. "ನನ್ ಕೈ ಮರಗಟ್ಟಿದೆ. ನೀನೇ ಹಿಡ್ಕೋ."

ಚಾಮುಂಡಿಯ ಹಣೆ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಗುರುದತ್ತ ಹೇಳಿದ, ಬಸ್ಸು, ಫೆರ್ರಿ, ಬೈಕು. ಬೈಕು ಮೊದಲೋ ಬಸ್ಸು ಮೊದಲೋ ಎಂದು ಮತ್ತೆ ತೊಡರಿಕೊಂಡ. ಒಂದು ಬಣ್ಣ ಕೇಳಿದ್ದಕ್ಕೆ ಗೊತ್ತಿಲ್ಲ ಅಂದ. ಹೊತ್ತು ಕೇಳಿದ್ದಕ್ಕೆ ಮಟಮಟ ಮಧ್ಯಾಹ್ನ ಅಂದ. ಕೂಗಿದ್ದು ಯಾರೆಂದು ಕೇಳಿದಾಗ, "ಹಂಸಾ. ಅವಳು ಎಚ್ಚರದಲ್ಲೂ ಹಾಗೇ ಕರೀತಿದ್ಲಂತೆ ಅಮ್ಮ. ನಂಗೆ ಅದೇ ಕೇಳಿಸಿರ್ಬೇಕು," ಅಂದ.

ಹಣೆ ಅಲುಗಲಿಲ್ಲ. ಹಂಸಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಲ್ಲಿ ಚಾಮುಂಡಿ ಎದ್ದು ಹೋಗಿ ಯಾವುದೋ ಬಾಗಿಲು ಹಾಕಿ ಬಂದರು. ಕುಕ್ಕರಿನ ಸದ್ದು ಕಡಿಮೆಯಾಯಿತು.

"ನೀನು ಹುಟ್ಟಿದಾಗ ನಿಮ್ಮಪ್ಪ ಹದಿನೈದು ದಿನ ಹೀಗೇ ಹೊರಳಾಡಿದ್ರು," ಅಂದರು, ದನಿ ತಗ್ಗಿಸಿ. "ನಾನು ಸೊಂಟ ಹಿಡ್ಕೊಂಡು ತೊಟ್ಲು ತೂಗ್ತಾ ಗುರುದತ್ತ, ಗುರುದತ್ತ ಅಂತಿದ್ದೆ. ಎದುರುಮನೇಲಿದ್ದ ಸ್ವಾಮಿಗಳ ಪಟದ ಮೇಲೆ ಬರೆದಿತ್ತು ಆ ಹೆಸರು, ಚೆಂದ ಕಂಡಿತ್ತು. ಒಂದಿನ ಬೆಳಗ್ಗೆ ನಿಮ್ಮಪ್ಪ ಎದ್ದು ಊರೆಲ್ಲ ಸಾರಿದ್ರು. ಮನೆದೇವ್ರೇ ಬಂದು ಕಿವೀಲಿ ಹೇಳ್ತು ಅಂತ. ನಾನು ಬಾಯಿ ಬಿಡ್ಲಿಲ್ಲ. ನಮ್ಮತ್ತೆ ನನ್ ಮುಖ ನೋಡಿ ಸೆರಗು ಬಾಯಿಗಿಟ್ಕೊಂಡ್ರು. ಅವ್ರೂ ಬಾಯಿ ಬಿಟ್ಟಿರ್ನಿಲ್ಲ ಅಂತ ಕಾಣ್ತದೆ."

"ಮತ್ತೆ ಅಣ್ಣನ ಬೆಂಚು?" ಗುರುದತ್ತ ಕೇಳಿದ.

"ಬೆಂಚಿನ ಪಕ್ಕದ ಮಂಚದಲ್ಲಿ ನಿಮ್ಮತ್ತಿಗೆ ಮಲಗಿರ್ನಿಲ್ವಾ? ಹಂಸಾ, ಏನಂತ ಕೂಗ್ತಿದ್ದೆ ನೀನು? ಇನ್ನೊಂದು ಕಿತ ಹೇಳು, ಕುಕ್ಕರಲ್ಲಿ ಕೇಳಿಸ್ನಿಲ್ಲ."

"ಸುವ್ವಿ, ಅಮ್ಮ."

"ಭತ್ತ ಕುಟ್ಟೋ ಹಾಡು," ಅಂದರು ಚಾಮುಂಡಿ, ಯಾವುದನ್ನೋ ತೂಗಿ ನೋಡುವ ಹಾಗೆ. "ಆ ದೇಶದೋರಿಗೆ ಬಾಯಿ ತಿರುಗ್ತದಾ?"

"ತಿರುಗುತ್ತೆ."

"ಹಂಗಾರೆ ಸೋಮವಾರ ಹೋಗಿ ಬರೆಸು. ಬೋರಮ್ಮ ಎಲ್ಲೂ ಹೋಗಾಕಿಲ್ಲ, ಇನ್ನೂ ಮೊಮ್ಮಕ್ಕಳು ಹುಟ್ತವೆ. ಮತ್ತೆ ನೀನು ಕೇಳಿಲ್ಲಿ, ಗುರು. ಇದನ್ನ ನಿಮ್ಮಣ್ಣಂಗೆ ಹೇಳಬೇಡ. ಗಂಡಸರಿಗೆ ಅದೊಂದಾದ್ರೂ ಇರ್ಲಿ."

ಹಂಸಾ ಫೋನ್ ಕೆಳಗಿಟ್ಟಳು. ಅವಳು ಅತ್ತಳೋ ನಕ್ಕಳೋ ಅವಳ ಬೆನ್ನು ನೋಡಿ ಹೇಳಲಾಗುತ್ತಿರಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಅವಳು ಬಗ್ಗಿ, ಗಂಡನ ಎದೆಯ ಮೇಲೆ ಮಲಗಿದ್ದ ಮಗಳ ಕಿವಿಗೆ ಬಾಯಿ ತಂದು, ಹಗಲು ಬೆಳಕಿನಲ್ಲಿ, ಇನ್ನೊಬ್ಬರ ಎದುರಿಗೆ, ಮೊದಲ ಬಾರಿಗೆ ಆ ಹೆಸರು ಹಿಡಿದು ಕರೆದಳು.

ಮಗಳಿಗೆ ಎಚ್ಚರವಾಗಿ ಹೋಯಿತು. ಒಂದು ಸಲ ಇಬ್ಬರ ಮುಖವನ್ನೂ ನೋಡಿ, ತುಟಿ ತಿರುಚಿ, ಬಟರ್‌ವರ್ತ್ ದಾಟಿ ತೈಪಿಂಗ್‌ವರೆಗೂ ಕೇಳುವಂತೆ ಕಿರುಚಿದಳು.

"ನಿನ್ನ ಸರದಿ," ಎಂದು ಹಂಸಾ ಎದ್ದು ಒಳಗೆ ಹೋಗಿ ಮಲಗಿದಳು.

ಮರಗಟ್ಟಿದ ಕೈಕಾಲುಗಳನ್ನು ಒಂದೊಂದಾಗಿ ಹುಡುಕಿಕೊಂಡು ಗುರುದತ್ತ ಎದ್ದ. ಮಗಳನ್ನು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ತಿರುಗತೊಡಗಿದ. ಸುವ್ವಿ ಅಂದ. ಸುವ್ವೀ ಅಂದ. ಅವಳು ಇವನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಮಲಗಿದವಳ ದನಿಯನ್ನು ನೆನೆಸಿಕೊಂಡು, ಅದರ ಹಾಗೆ ಕೊನೆಯನ್ನು ಸ್ವಲ್ಪ ಎಳೆದು, ಅವನು ಇನ್ನೊಮ್ಮೆ ಪ್ರಯತ್ನಿಸಿದ.